ಮುಖ ಬದಲಾದರೂ ಅವಳೇ

ಧಾರಾವಾಹಿ ಬರೆಯುವವರೂ ತಪ್ಪು ಮಾಡುತ್ತಾರೆ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಟಿವಿಯಲ್ಲಿ ಒಮ್ಮೆ ತೋರಿಸಿದರೆಂದರೆ ಅದು ನಡೆದುಹೋದ ಸಂಗತಿ. ಅದು ಹೇಗೆ ನಡೆದಿರಬಹುದು ಎಂದು ನೋಡುವವರು ಯೋಚಿಸಿ ಹೊಂದಿಸಿಕೊಳ್ಳಬೇಕು, ಹಾಗೆ ನಡೆಯಲು ಸಾಧ್ಯವೇ ಇಲ್ಲ ಎನ್ನುವಂತಿಲ್ಲ. ಇದು ನನ್ನ ಅಜ್ಜಿಯ ಕಾನೂನು. ಅಪ್ಪನ ತಾಯಿ, ಮನೆಗೆ ಹಿರಿಯಳು, ಅವಳ ಕಾನೂನಿಗೆ ಅಪೀಲು ಇರಲಿಲ್ಲ. ಇದನ್ನು ಈಗ ನೆನೆಯಲು ಕಾರಣ ನನ್ನ ಮಗಳು. ಅವಳು ನೋಡುವ ಯಾವುದೋ ಸರಣಿಯಲ್ಲಿ ನಾಯಕನ ಗಾಯದ ಗುರುತು ಎಡಗೆನ್ನೆಯಿಂದ ಬಲಗೆನ್ನೆಗೆ ಬಂದುಬಿಟ್ಟಿದೆಯಂತೆ. ಮೇಕಪ್ಪು ಮಾಡುವವನು ಮರೆತಿರಬೇಕು ಎಂದೆ. ಅವಳಿಗೆ ಸಿಟ್ಟು ಬಂತು.

“ಗಲತೀ ನಹೀ ಹೈ ಮಮ್ಮಿ. ಅದು ಅವನ ಜುಡವಾ ಭಾಯಿ. ನಮ್ಮ ಗ್ರೂಪಲ್ಲಿ ಸಬ್‌ಕೋ ಪತಾ ಹೈ.”

ಊರೂರಿನ ಹುಡುಗ ಹುಡುಗಿಯರು ಮೊಬೈಲಿನಲ್ಲಿ ಸೇರಿ ಆ ಅವಳಿ ಅಣ್ಣನಿಗೆ ಹೆಸರೂ ಇಟ್ಟಾಗಿದೆ, ಅವನ ಬಾಲ್ಯವನ್ನೂ ಬರೆದಾಗಿದೆ. ಕಥೆ ಬರೆದವರು ಮಾತ್ರ ಇನ್ನೂ ಅವನ ಮುಖ ಕಂಡಿಲ್ಲ. ನಾನು ನಕ್ಕು ಅಡಿಗೆಮನೆಗೆ ಹೋದೆ. ಅಲ್ಲಿ ನಿಂತಾಗ ನಗು ಹಾಗೇ ಉಳಿಯಲಿಲ್ಲ. ಇಂಥ ನಂಬಿಕೆಯೊಂದು ಮನೆಯೊಳಗೆ ಬಂದು ಕೂತರೆ ಏನಾಗುತ್ತದೆಂದು ನಾನು ಹತ್ತನೆಯ ವಯಸ್ಸಿನಲ್ಲೇ ನೋಡಿದ್ದೆ.

ನಮ್ಮದು ಆಂಟಾಪ್ ಹಿಲ್‌ನ ಚಾಳಿನಲ್ಲಿ ಒಂದು ಖೋಲಿ. ಬಾಗಿಲು ತೆರೆದರೆ ಉದ್ದನೆಯ ಗ್ಯಾಲರಿ, ಒಳಗೆ ಎಡಕ್ಕೆ ಒಲೆ, ಮೂಲೆಯಲ್ಲಿ ಮೊಣಕಾಲೆತ್ತರದ ಗೋಡೆ ಕಟ್ಟಿದ ಬಚ್ಚಲು, ತಲೆಯ ಮೇಲೆ ಹಾಸಿಗೆ ಪಾತ್ರೆ ತುರುಕಿದ ಅಟ್ಟ. ಟಿವಿ ಇದ್ದದ್ದು ಜೋಳದ ಡಬ್ಬಿಯ ಮೇಲೆ. ಹೀಗಾಗಿ ಜೋಳ ತೆಗೆಯಬೇಕಾದರೆ ಟಿವಿಯನ್ನು ಇಬ್ಬರು ಹಿಡಿದು ಇಳಿಸಬೇಕಿತ್ತು, ಆ ಕೆಲಸ ಯಾವತ್ತೂ ಧಾರಾವಾಹಿಯ ಹೊತ್ತಿಗೇ ನೆನಪಾಗುತ್ತಿತ್ತು. ಅಪ್ಪ ಕಾಂದಿವಲಿಯ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮಶೀನಿನ ಮೇಲೆ ಇದ್ದ. ಬೆಳಕು ಹರಿಯುವ ಮೊದಲು ಲೋಕಲ್ ಹಿಡಿಯಲು ಹೋದರೆ ಬರುವಾಗ ಕತ್ತಲು. ಸಂಜೆ ಮನೆಯಲ್ಲಿ ನಾವು ಹೆಂಗಸರೇ. ಅಜ್ಜಿ, ಅವ್ವ, ನಾನು, ಪಕ್ಕದ ಖೋಲಿಯ ಖೈರೂನ್ ಚಾಚಿ. ಚಾಚಿ ಕಲಬುರ್ಗಿ ಕಡೆಯವಳು, ಮನೆಯಲ್ಲಿ ದಖನಿ, ನಮ್ಮಲ್ಲಿ ಬಂದರೆ ಕನ್ನಡ, ಜಗಳಕ್ಕೆ ಎರಡೂ. ನಾಲ್ವರ ನಡುವೆ ಒಂದು ಹಳೆಯ ಚಾದರ ಹಾಸಿ ಅದರ ಮೇಲೆ ಟಿಕಳಿ ಸುರಿಯುತ್ತಿದ್ದೆವು. ಹಣೆಗೆ ಅಂಟಿಸುವ ಮಖಮಲ್ಲಿನ ಟಿಕಳಿ. ಚೀಲದಲ್ಲಿ ಕಲಸಿ ಬಂದದ್ದನ್ನು ಬಣ್ಣ, ಅಳತೆ ನೋಡಿ ಆರಿಸಿ ಕಾರ್ಡಿನ ಮೇಲೆ ಸಾಲಾಗಿ ಕೂಡಿಸುವುದು ಮನೆಗೆಲಸದ ನಡುವೆ ನಾಲ್ಕು ಕಾಸು ತರುವ ಕೆಲಸ. ಅಜ್ಜಿಯ ಹಣೆಯ ಮೇಲೆ ಬರೀ ವಿಭೂತಿ, ಆದರೆ ಅವಳಷ್ಟು ನೆಟ್ಟಗೆ ಟಿಕಳಿಯ ಸಾಲು ಕೂಡಿಸುವವರು ಇಡೀ ಗ್ಯಾಲರಿಯಲ್ಲಿ ಯಾರೂ ಇರಲಿಲ್ಲ.

ಕಣ್ಣು ಕಾರ್ಡಿನ ಮೇಲೆ ಇರಬೇಕಾದದ್ದರಿಂದ ನಾವು ಧಾರಾವಾಹಿಯನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಅದಕ್ಕೆ ಹಿಂದಿಯಲ್ಲಿ ಏನೋ ಉದ್ದದ ಹೆಸರಿತ್ತು. ನಮ್ಮಲ್ಲಿ ಅದು ‘ದೊಡ್ಡಮನಿ’. ದೊಡ್ಡ ಮನೆ, ದೊಡ್ಡ ಮೆಟ್ಟಿಲು, ಮೆಟ್ಟಿಲ ತುದಿಯಲ್ಲಿ ನಿಂತು ಬೈಯುವ ಅತ್ತೆ, ಕೆಳಗೆ ನಿಂತು ಸಹಿಸುವ ಸೊಸೆ ವಸುಧಾ. ಅಜ್ಜಿಗೆ ಹಿಂದಿ ಬರುತ್ತಿರಲಿಲ್ಲ. ಅವ್ವನಿಗೆ ಬರುತ್ತಿತ್ತು. ಟಿವಿಯಲ್ಲಿ ಒಬ್ಬರು ಮಾತು ಮುಗಿಸುವ ಮೊದಲೇ ಅವ್ವ ಅದನ್ನು ಕನ್ನಡದಲ್ಲಿ ಹಿಡಿದು ಅಜ್ಜಿಗೆ ಒಪ್ಪಿಸುತ್ತಿದ್ದಳು. ಒಪ್ಪಿಸುವಾಗ ಸ್ವಲ್ಪ ತನ್ನದೂ ಬೆರೆಸುತ್ತಿದ್ದಳು. ಹಿಂದಿಯಲ್ಲಿ “ಮಾಂಜೀ” ಎಂದು ಕಣ್ಣೀರು ಸುರಿಸುವ ವಸುಧಾ ಅವ್ವನ ಬಾಯಿಗೆ ಬಂದಾಗ ಬೇರೆಯೇ ಹೆಣ್ಣು.

“ಏನಂದ್ಲು?” ಅಜ್ಜಿ ಕೇಳುವಳು.

“ನಿಮಗ ಬ್ಯಾರೆ ಉದ್ಯೋಗ ಇಲ್ಲೇನ್ರಿ ಅತ್ತಿ ಅಂದ್ಲು.”

“ಕೈ ಮುಗದಿದ್ಲಲ್ಲ.”

“ಕೈ ಮುಗದ ಅಂದ್ಲು.”

ಅಜ್ಜಿ ಅವ್ವನ ಮುಖವನ್ನು ಒಂದು ಗಳಿಗೆ ನೋಡಿ, ಮತ್ತೆ ಟಿಕಳಿಗೆ ಬಗ್ಗುವಳು. ಅವ್ವನ ತುಟಿಯ ಮೂಲೆ ಅಲುಗುತ್ತಿರುತ್ತಿತ್ತು. ಅತ್ತೆ ಸೊಸೆಯ ನಡುವೆ ನೇರವಾಗಿ ಆಡಲಾಗದ್ದೆಲ್ಲ ಹೀಗೆ ವಸುಧಾಳ ಕಡೆಯಿಂದ ಹೋಗಿ ಬರುತ್ತಿತ್ತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ನನ್ನ ಕನ್ನಡವೂ ಆ ಚಾದರದ ಸುತ್ತಲೇ ಬಂದದ್ದು. ಶಾಲೆಯ ಕನ್ನಡ ಪುಸ್ತಕದಲ್ಲಿ ಇಷ್ಟು ರುಚಿ ಇರಲಿಲ್ಲ.

ದೊಡ್ಡಮನಿಯಲ್ಲಿ ತಪ್ಪುಗಳಿಗೆ ಬರವಿರಲಿಲ್ಲ. ವಸುಧಾಳ ತವರು ಮೊದಲು ನಾಸಿಕ ಇತ್ತು, ಬೇಸಿಗೆ ಕಳೆಯುವಷ್ಟರಲ್ಲಿ ಕೊಲ್ಲಾಪುರವಾಯಿತು. ಹುಟ್ಟಿದ್ದು ನಾಸಿಕ, ಬೆಳೆದದ್ದು ಕೊಲ್ಲಾಪುರ ಎಂದಳು ಅಜ್ಜಿ. “ನಾ ಎಲ್ಲಿ ಹುಟ್ಟೀನಿ, ಎಲ್ಲಿ ಕುಂತೀನಿ, ನೋಡಂಗಿಲ್ಲೇನು?” ಕಥೆ ಒಮ್ಮೆಲೇ ಇಪ್ಪತ್ತು ವರ್ಷ ಮುಂದಕ್ಕೆ ಹಾರಿದಾಗ ಮನೆಯವರಿಗೆಲ್ಲ ಮಕ್ಕಳಾದವು, ಮೆಟ್ಟಿಲ ಮೇಲಿನ ಅತ್ತೆಗೆ ಮಾತ್ರ ಒಂದು ಕೂದಲೂ ನೆರೆಯಲಿಲ್ಲ. ಕೆಟ್ಟವರಿಗೆ ಮುಪ್ಪು ತಡವಾಗಿ ಬರುತ್ತದೆ ಎಂದು ಅಜ್ಜಿ ತೀರ್ಪು ಕೊಟ್ಟಳು. ಬೆಂಕಿಯಲ್ಲಿ ಸತ್ತ ಮೈದುನ ಮೀಸೆ ಬಿಟ್ಟುಕೊಂಡು ಬಾಗಿಲಲ್ಲಿ ಬಂದು ನಿಂತ ದಿನ ಖೈರೂನ್ ಚಾಚಿ ತಡೆಯಲಾರದೆ ಕಾರ್ಡು ಕೆಳಗಿಟ್ಟಳು.

“ಬರಿಯಾವಗ ನಿದ್ದಿ ಬಂದಿತ್ತು ಅಮ್ಮಾ, ಅಷ್ಟ. ಸತ್ತಾವನ ಹೆಣಾ ನಾವ ನೋಡೀವಿ.”

“ಮಾರಿ ನೋಡಿದ್ದೇನು ಹೆಣದ್ದು? ಸುಟ್ಟಿತ್ತಲ್ಲ. ಅದು ಬ್ಯಾರೆ ಯಾರದೋ.”

“ಆ ಬ್ಯಾರೆಯವನ ಮನಿಯವರು ಹುಡಕಬಾರದೇನು?”

“ಹುಡಕ್ತಿರ್ತಾರ. ಎಲ್ಲಾ ನಿನಗ ತೋರಸಬೇಕೇನು?”

“ನಕ್ಕೋ ಬೋಲೋ ಅಮ್ಮಾ,” ಎಂದು ಚಾಚಿ ತಲೆ ಕೊಡವಿದಳು. ಬೇಡ, ಆಡಬೇಡ ಎಂದರೂ ಆ ಮಾತಿನಲ್ಲಿ ಪ್ರೀತಿಯಿತ್ತು. ಅಜ್ಜಿ ಈ ಕಾನೂನನ್ನು ತಂದದ್ದು ತನ್ನ ಊರಿನ ಮಠದಿಂದ. ಅಲ್ಲಿ ಪುರಾಣ ಹೇಳುವವರು ಒಬ್ಬ ಶರಣನ ಸಾವನ್ನು ಒಂದು ವರ್ಷ ಒಂದು ಬಗೆಯಾಗಿ, ಮರುವರ್ಷ ಇನ್ನೊಂದು ಬಗೆಯಾಗಿ ಹೇಳಿದರಂತೆ. ಯಾರೋ ಹುಡುಗ ಎದ್ದು ಕೇಳಿದ್ದಕ್ಕೆ ಇಡೀ ಸಭೆ ಅವನನ್ನು ಕೂರಿಸಿತಂತೆ. ಕಥೆ ಹೇಳುವವರ ಕೆಲಸ ಹೇಳುವುದು, ಹೊಂದಿಸಿಕೊಳ್ಳುವುದು ಕೇಳುವವರದು ಎಂದು ಅಜ್ಜಿ ಅವತ್ತೇ ಕಲಿತಳು. ಅಕ್ಷರ ಬಾರದ ಅವಳಿಗೆ ಬದುಕಿನಲ್ಲಿ ಹೊಂದಿಸಿಕೊಳ್ಳುವುದಕ್ಕೆ ಬಹಳವಿತ್ತು, ಆ ವಿದ್ಯೆ ಕೈಹಿಡಿದಿರಬೇಕು.

ಒಂದು ಸಂಜೆ ಜಾಹೀರಾತು ಮುಗಿದ ಮೇಲೆ ವಸುಧಾ ಪೂಜೆಯ ತಟ್ಟೆ ಹಿಡಿದು ಮೆಟ್ಟಿಲಿಳಿದು ಬಂದಳು. ಬಂದವಳು ಬೇರೆ ಹೆಂಗಸು. ಸೀರೆ ಅದೇ, ತಟ್ಟೆ ಅದೇ, ಮುಖ ಬೇರೆ. ಕೆಳಗೆ ಅಕ್ಷರಗಳು ಓಡುತ್ತಿದ್ದವು. ಇನ್ನು ಮುಂದೆ ಈ ಪಾತ್ರವನ್ನು ಇಂಥವರು ಮಾಡುತ್ತಾರೆ ಎಂದು ಅವ್ವ ಓದಲು ಶುರುಮಾಡಿದಳು. ಅಜ್ಜಿ ಕೈಯೆತ್ತಿ ತಡೆದಳು.

“ಓದಬ್ಯಾಡ.”

“ಯಾರವ್ವ ಈ ಪೋರಿ?” ಎಂದಳು ಚಾಚಿ.

“ವಸುಧಾ.”

“ಎಲ್ಲಿ ವಸುಧಾ? ಆಕಿ ಹೋದ್ಲು, ಇಕಿ ಬಂದ್ಲು.”

“ಗಂಡ ಕೇಳಿದ್ನೇನು ನೀ ಯಾರಂತ? ಅತ್ತಿ ಕೇಳಿದ್ಲೇನು? ಅವ್ರಿಗೇ ಇಲ್ಲದ ಸಂಶೆ ನಿನಗ್ಯಾಕ? ಮಾರಿ ಬದಲಾದ್ರ ಏನಾತು, ಆಕಿ ಆಕೀನ.”

ಅವತ್ತಿನಿಂದ ನಮ್ಮ ಖೋಲಿಯಲ್ಲಿ ‘ಹಳೇ ವಸುಧಾ’ ಎನ್ನುವ ಮಾತು ನಿಂತಿತು. ಅವ್ವ ಮಾತ್ರ ಒಂದು ದಾರಿ ಹುಡುಕಿದಳು. ಹಳೆಯವಳು ಅಳುವ ಮೊದಲು ಒಮ್ಮೆ ಕಿವಿಯ ಓಲೆ ಮುಟ್ಟಿಕೊಳ್ಳುತ್ತಿದ್ದಳು. ಹೊಸಬಳು ಅಳಲು ತೊಡಗಿದಾಗ ಅವ್ವ ಬಾಯಿ ತೆರೆಯದೆ ತನ್ನ ಓಲೆಯನ್ನು ಮುಟ್ಟುವಳು. ಚಾಚಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುವಳು. ಅಜ್ಜಿಗೂ ನಗು ಬರುತ್ತಿತ್ತು, ಆದರೆ ಯಾಕೆ ನಕ್ಕೆವೆಂದು ಯಾರೂ ಹೇಳುವಂತಿರಲಿಲ್ಲ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವನ ಕಣ್ಣು ಹಳದಿಯಾದವು. “ಅರಿಷಿಣ ಹಚ್ಚೂ ಕೆಲಸ ತಪ್ಪಿತು ನೋಡ್ರಿ,” ಎಂದು ಅವಳೇ ನಗಾಡಿದಳು. ಊರಿನಿಂದ ತರಿಸಿದ ಬೇರು ತೇಯ್ದು ಕುಡಿಸಿದರು. ಆಮೇಲೆ ಆಸ್ಪತ್ರೆಗೆ ಸೇರಿಸಿದರು. ನನ್ನನ್ನು ಒಮ್ಮೆ ಮಾತ್ರ ಕರೆದುಕೊಂಡು ಹೋಗಿದ್ದರು. ಅವ್ವ ನನ್ನ ಫ್ರಾಕಿಗೆ ಅಂಟಿಕೊಂಡು ಬಂದಿದ್ದ ಒಂದು ಟಿಕಳಿಯನ್ನು ಕಿತ್ತು ನನ್ನ ಹಣೆಗೆ ಹಚ್ಚಿದಳು. ಅದಾದ ಮೇಲೆ ನಾನು ಅವಳನ್ನು ನೋಡಿದ್ದು ಗ್ಯಾಲರಿಯಲ್ಲಿ, ಜನರ ಕಾಲುಗಳ ನಡುವಿನಿಂದ, ಕೂರಿಸಿದ ಅವಳ ಕೊರಳಿಗೆ ಹಾಕಿದ್ದ ಹೂವಿನ ಹಿಂದೆ.

ಮನೆಯಲ್ಲಿ ಮತ್ತೆ ಟಿವಿ ಹಾಕಿದ ದಿನ ನನಗೆ ಅದಕ್ಕಿಂತ ಚೆನ್ನಾಗಿ ನೆನಪಿದೆ. ಚಾದರ ಹಾಸಿ ಕೂತೆವು. ಮೆಟ್ಟಿಲ ಮೇಲಿನ ಅತ್ತೆ ಏನೋ ಬೈದಳು. ಅಜ್ಜಿ ಅಭ್ಯಾಸದಿಂದ “ಏನಂದ್ಲು?” ಎಂದು ಎಡಕ್ಕೆ ತಿರುಗಿದಳು. ಎಡಕ್ಕೆ ಯಾರೂ ಇರಲಿಲ್ಲ. ಚಾಚಿ ತಲೆಯೆತ್ತಲಿಲ್ಲ. ಕೊನೆಗೆ ನಾನೇ ಹೇಳಿದೆ, ಅತ್ತಿ ಬೈದಳು, ಸೊಸಿ ಅತ್ತಳು ಎಂದು. “ಅಷ್ಟೇನ?” ಎಂದಳು ಅಜ್ಜಿ. ಅಷ್ಟೇ ಎಂದೆ. ಅವಳು ಬಹಳ ಹೊತ್ತು ಒಂದೇ ಟಿಕಳಿಯನ್ನು ಬೆರಳ ತುದಿಯಲ್ಲಿ ಹಿಡಿದು ಕೂತಿದ್ದಳು. ಮುಂದೆ ದಿನವೂ ನಾನೇ ಹೇಳಬೇಕಾಯಿತು. ಅವ್ವನ ಹಾಗೆ ಹೇಳಲು ನನಗೆ ಬಾಯಿ ಸಾಲುತ್ತಿರಲಿಲ್ಲ. ಹಿಂದಿಯಲ್ಲಿ ಏನಿತ್ತೋ ಅದನ್ನೇ ಹೇಳುತ್ತಿದ್ದೆ, ಅದು ಎಷ್ಟು ಸಪ್ಪೆ ಎಂದು ನನಗೇ ಕೇಳುತ್ತಿತ್ತು.

ಅಪ್ಪನಿಗೆ ಎರಡನೇ ಮದುವೆಯ ಮಾತು ಎತ್ತಿದವಳು ಅಜ್ಜಿ. ಇಂಡಿ ಪಟ್ಟಣದ ಹತ್ತಿರದ ಹಳ್ಳಿಯ ಹೆಣ್ಣು, ಬಡವರ ಮನೆ, ಆಗಷ್ಟೇ ಇಪ್ಪತ್ತು ದಾಟಿದವಳು. ಹೆಸರು ರೇಣುಕಾ. ನಮ್ಮ ಮನೆತನದಲ್ಲಿ ಮದುವೆಯಾಗಿ ಬರುವ ಸೊಸೆಗೆ ಹೊಸ ಹೆಸರು ಇಡುವ ಪದ್ಧತಿ ಇತ್ತು. ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡ ಅದರಲ್ಲಿ ಉಂಗುರದಿಂದ ಆ ಹೆಸರು ಬರೆಯಬೇಕು. ಮದುವೆಗೆ ಊರಿಗೆ ಹೊರಡುವ ಮುಂಚಿನ ದಿನ ಅಜ್ಜಿ ಹೆಸರು ಹೇಳಿದಳು. ಗಂಗಾ. ಅದು ಅವ್ವನ ಹೆಸರು. ಅಪ್ಪ ಅಜ್ಜಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ಹೆಸರರ ಬ್ಯಾರೆ ಇಡೂಣು ಅವ್ವ.”

“ಯಾಕ?”

“ಆಕಿದು ಆಕಿಗೆ ಇರಲಿ.”

“ನನ್ನ ಹೆಸರ ಮೊದಲ ಏನಿತ್ತು, ಗೊತ್ತೈತೇನು ನಿನಗ? ನಿಮ್ಮಪ್ಪಗೂ ಗೊತ್ತಿರಲಿಲ್ಲ. ನಾ ಏನ ಸತ್ತೆನೇನು? ಬಾಳೇ ಮಾಡಲಿಲ್ಲೇನು?” ಅಜ್ಜಿಯ ದನಿ ಅಲ್ಲಿಗೆ ತಗ್ಗಿತು. “ಕೂಸ ಐತಿ ಮನ್ಯಾಗ. ಗಂಗಾ ಅಂತ ಒದರಿದ್ರ ಓ ಅನ್ನಾಕ ಒಬ್ಬಾಕಿ ಬೇಕೋ ಯಪ್ಪಾ. ನನಗ ಬಾಯಿಗೆ ಅದ ಬರತೈತಿ.”

ಮದುವೆಯಲ್ಲಿ ಅಕ್ಕಿಯ ತಟ್ಟೆಯ ಮುಂದೆ ಅಪ್ಪನ ಕೈ ನಿಂತದ್ದನ್ನು, ಅಜ್ಜಿ ಹಿಂದಿನಿಂದ “ಬರಿ” ಎಂದದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಅಜ್ಜಿ ಕಲ್ಲು ಮನಸ್ಸಿನವಳಲ್ಲ. ಸೊಸೆಯ ಸಾವನ್ನು ಹೊರಲಾರದೆ ಅವಳು ತನಗೆ ಗೊತ್ತಿದ್ದ ಒಂದೇ ಉಪಾಯವನ್ನು ಹಿಡಿದಳು. ಮುಖ ಬದಲಾದರೂ ಅವಳೇ ಎಂದು ನಂಬಿದರೆ ಮನೆಯಲ್ಲಿ ಯಾರೂ ಸತ್ತಂತಾಗುವುದಿಲ್ಲ. ಇಲ್ಲಿ ಬರೆಯುವಾಗ ನಾನು ಹೊಸಬಳನ್ನು ರೇಣುಕಾ ಎಂದೇ ಬರೆಯುತ್ತೇನೆ. ಆ ಮನೆಯಲ್ಲಿ ಹಾಗೆ ಯಾರೂ ಕರೆಯಲಿಲ್ಲ.

ಅವ್ವನ ಫೋಟೋ ಗೋಡೆಗೆ ಬರಲಿಲ್ಲ. ಇರುವವರ ಫೋಟೋಕ್ಕೆ ಯಾರು ಹಾರ ಹಾಕುತ್ತಾರೆ. ರೇಣುಕಾ ಅವ್ವ ಕೂರುತ್ತಿದ್ದ ಜಾಗದಲ್ಲಿ ಕೂತಳು, ಅವ್ವನ ಹಸಿರು ಸೀರೆ ಉಟ್ಟಳು, ಅವ್ವನ ಕೊಡ ಹಿಡಿದು ನಲ್ಲಿಗೆ ಹೋದಳು. ಕಥೆ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯಬೇಕು ಎನ್ನುವಂತೆ ಅಜ್ಜಿ ಅವಳಿಗೆ ಎಲ್ಲವನ್ನೂ ನೆನಪಿಸುತ್ತಿದ್ದಳು. “ಹ್ವಾದ ವರ್ಷ ನೀನ ಇಟ್ಟಿದ್ದಿಯಲ್ಲ ಉಪ್ಪಿನಕಾಯಿ, ಎಷ್ಟ ಛಲೋ ಆಗಿತ್ತು.” ರೇಣುಕಾ ಹೌದ್ರಿ ಎನ್ನುವಳು. ಅವ್ವನಿಗೆ ಬದನೆಕಾಯಿ ಸೇರುತ್ತಿರಲಿಲ್ಲ, ತಿಂದರೆ ಮೈ ತುರಿಸುತ್ತಿತ್ತು. ಊಟಕ್ಕೆ ಕೂತ ಮೊದಲ ದಿನವೇ ಅಜ್ಜಿ ಪಲ್ಯದ ಬೋಗುಣಿಯನ್ನು ಅವಳಿಂದ ದೂರ ಸರಿಸಿದಳು.

“ನಿನಗ ಬದನಿಕಾಯಿ ಆಗಂಗಿಲ್ಲಲ್ಲ ಗಂಗಾ.”

“ಹೌದ್ರಿ ಅತ್ತಿ,” ಎಂದಳು ರೇಣುಕಾ, ಬೋಗುಣಿಯನ್ನೇ ನೋಡುತ್ತ.

ಬದನೆಕಾಯಿ ಎಂದರೆ ಅವಳಿಗೆ ಪ್ರಾಣ. ಇದನ್ನು ಕಂಡುಹಿಡಿದವಳು ಚಾಚಿ. ತನ್ನಲ್ಲಿ ಬದನೆಕಾಯಿ ಮಾಡಿದ ದಿನ “ಸೂಜಿಗೆ ದಾರ ಏರಸಿ ಕೊಡು ಬಾ ಬೇಟಾ, ನನಗ ಕಣ್ಣ ಕಾಣೂದಿಲ್ಲ” ಎಂದು ಅವಳನ್ನು ಕರೆಯುವಳು. ರೇಣುಕಾ ತುಟಿ ಒರೆಸಿಕೊಂಡು ಹಿಂದಿರುಗುವಳು. ಚಾಚಿಯ ಕಣ್ಣು ಹದ್ದಿನ ಕಣ್ಣೆಂದು ಅಜ್ಜಿಗೆ ಚೆನ್ನಾಗಿ ಗೊತ್ತಿತ್ತು, ಆದರೆ ಆ ದಾರ ಏರಿಸುವುದಕ್ಕೆ ಇಷ್ಟು ಹೊತ್ತೇಕೆ ಎಂದು ಅವಳು ಎಂದೂ ಕೇಳಲಿಲ್ಲ.

ನನಗೆ ಅವಳನ್ನು ಅವ್ವ ಎನ್ನಲು ಹೇಳಿದ್ದರು. ನಾಲಿಗೆ ಏಳಲಿಲ್ಲ. ಅವಳನ್ನು ಕರೆಯದೆಯೇ ಕೆಲಸ ಸಾಗಿಸುವುದನ್ನು ಕಲಿತೆ. ಹಸಿವಾದರೆ ತಟ್ಟೆ ತಂದು ಅವಳ ಮುಂದೆ ಕೂರುವುದು, ಜಡೆ ಹೆಣೆಯಬೇಕಾದರೆ ಬಾಚಣಿಗೆ ಹಿಡಿದು ನಿಲ್ಲುವುದು. ಅವಳಿಗೂ ಅದೇನೂ ಬೇಸರವಿರಲಿಲ್ಲ. ಹಿಂದಿ ಬಾರದ ಅವಳಿಗೆ ಸಂಜೆ ನಾನೇ ದೊಡ್ಡಮನಿಯನ್ನು ಹೇಳುತ್ತಿದ್ದೆ, ಅಜ್ಜಿಗೆ ಎಡಗಡೆಯಿಂದ, ಅವಳಿಗೆ ಬಲಗಡೆಯಿಂದ. ಸೋಮವಾರ ನಾವಿಬ್ಬರೇ ಮಾಟುಂಗಕ್ಕೆ ಹೂವು, ವೀಳ್ಯದೆಲೆ ತರಲು ಹೋಗುತ್ತಿದ್ದೆವು. ಆ ದಾರಿಯಲ್ಲಿ ಅವಳು ನನ್ನನ್ನು ಕೇಳುತ್ತಿದ್ದಳು.

“ಸುಮಿ, ಮೊದಲಿನ ವಸುಧಾ ಹೆಂಗಿದ್ಲು?”

ನಾನು ಓಲೆ ಮುಟ್ಟಿ ತೋರಿಸಿದೆ. ಅದು ವಸುಧಾ ಮುಟ್ಟಿಕೊಂಡಂತೆ ಬರಲಿಲ್ಲ, ಅವ್ವ ಮುಟ್ಟಿಕೊಂಡಂತೆ ಬಂತು. ರೇಣುಕಾಗೆ ಅದು ತಿಳಿಯಿತೋ ಏನೋ. ಸ್ವಲ್ಪ ದೂರ ನಡೆದಳು. ಆಮೇಲೆ ಕೇಳಿದಳು.

“ನಿಮ್ಮವ್ವ ಹೆಂಗ ನಗತಿದ್ಲು?”

ಅವ್ವ ತೀರಿಕೊಂಡ ಮೇಲೆ ಅವಳ ಬಗ್ಗೆ ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ತುಟಿಯ ಮೂಲೆ ಅಲುಗುತ್ತಿತ್ತು, ಬಾಯಿ ಬಿಟ್ಟು ನಗುತ್ತಿರಲಿಲ್ಲ, ಅಜ್ಜಿ ಇದ್ದರೆ ಕೆಮ್ಮಿದಂತೆ ಮಾಡುತ್ತಿದ್ದಳು ಎಂದೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಹೂವಿನ ಅಂಗಡಿಯ ಮುಂದೆ ಅಳು ಬಂತು. ಅವ್ವನಿಗಾಗಿ ಅಳಲು ನನಗೆ ಜಾಗ ಕೊಟ್ಟವಳು ಅವ್ವನ ಜಾಗದಲ್ಲಿ ಬಂದು ಕೂತವಳೇ. ಬೇರೆ ಯಾರ ಮುಂದೆ ಅತ್ತರೂ ಅವರು ರೇಣುಕಾಳ ಕಡೆ ಬೆರಳು ತೋರಿಸಿ, ಅಕೋ ಅಲ್ಲೇ ಇದ್ದಾಳಲ್ಲ ನಿಮ್ಮವ್ವ ಎನ್ನುತ್ತಿದ್ದರು. ಹೂವಿನವನು ನೋಡುತ್ತಿದ್ದ. ರೇಣುಕಾ ನನ್ನ ಮೂಗು ಒರೆಸಿ, “ಊರಾಗ ನನ್ನ ರೇಣು ಅಂತಿದ್ರು,” ಎಂದಳು. “ನೀ ಒಮ್ಮೆ ಅನ್ನು ನೋಡೂಣು.” ಸುತ್ತ ಅಜ್ಜಿ ಇರಲಿಲ್ಲ, ಮಾಟುಂಗದ ಜನರಿಗೆ ನಮ್ಮ ಪರಿಚಯವೂ ಇರಲಿಲ್ಲ. ಆದರೂ ನನಗೆ ಅನ್ನಲಾಗಲಿಲ್ಲ. “ಇರಲಿ ಬಿಡು,” ಎಂದು ಅವಳೇ ನಕ್ಕಳು.

ಮರುವರ್ಷ ಹಳೆಯ ವಸುಧಾ ಹಿಂದಿರುಗಿದಳು. ಜನ ಕೇಳಿದರೋ, ದುಡ್ಡಿನ ಜಗಳ ಮುಗಿಯಿತೋ, ನಮಗೇನು ಗೊತ್ತು. ಬರುವ ಸುದ್ದಿ ಮೊದಲೇ ಹಬ್ಬಿದ್ದರಿಂದ ಆ ಸಂಜೆ ಗ್ಯಾಲರಿಯ ಹೆಂಗಸರೆಲ್ಲ ನಮ್ಮ ಖೋಲಿಯಲ್ಲೇ ಸೇರಿದ್ದರು. ರೇಣುಕಾಗೆ ದಿನ ತುಂಬುತ್ತಿತ್ತು. ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಮೆಟ್ಟಿಲ ತುದಿಯಲ್ಲಿ ಮೊದಲು ಪಾದ ತೋರಿಸಿದರು, ಆಮೇಲೆ ತಟ್ಟೆ, ಆಮೇಲೆ ಮುಖ. ಹೆಂಗಸರು ಒಂದೇ ದನಿಯಲ್ಲಿ ಉಸಿರು ಬಿಟ್ಟರು. ಕೆಲವರು ಚಪ್ಪಾಳೆ ತಟ್ಟಿದರು. ಅಜ್ಜಿ, ಹಳೆಯವಳ ಹೆಸರೆತ್ತಲು ಬಿಡದ ಅಜ್ಜಿ, ಸೆರಗಿನಿಂದ ಕಣ್ಣು ಒತ್ತಿಕೊಂಡಳು.

“ಬಂದ್ಲವ್ವ ನಮ್ಮ ವಸುಧಾ,” ಎಂದಳು.

“ಮನಿಗೆ ಈಗ ಕಳಾ ಬಂತ ನೋಡ್ರಿ,” ಎಂದು ಹಿಂದಿನಿಂದ ಯಾರೋ ದನಿಗೂಡಿಸಿದರು. “ಎಷ್ಟಂದ್ರೂ ಖರೇ ಖರೇನ.”

“ಮತ್ತ ಆಕಿ?” ಎಂದಳು ರೇಣುಕಾ.

ಯಾರಿಗೂ ತಕ್ಷಣ ತಿಳಿಯಲಿಲ್ಲ. ಅಜ್ಜಿ ತಿರುಗಿ, “ಯಾಕಿ?” ಎಂದಳು.

“ಇಷ್ಟ ದಿನಾ ಇದ್ದಾಕಿ. ಆಕಿ ಅತ್ತಿ ಕಾಲ ಒತ್ತಿದ್ಲು. ಮಗಳ ಲಗ್ನಾ ಮಾಡಿದ್ಲು. ಜ್ವರ ಬಂದಾಗ ಎಲ್ಲಾರನೂ ನೋಡಕೊಂಡ್ಲು.”

“ಅದೆಲ್ಲಾ ಇಕೀನ ಮಾಡಿದ್ದು.”

“ಇಕಿ ಇಲ್ಲಿ ಇರಲಿಲ್ಲಲ್ರೀ ಅತ್ತಿ.”

“ಇದ್ಲು. ಇಕೀನ ಇದ್ಲು. ನಡುವ ಬ್ಯಾರೆ ಯಾರೂ ಇರಲಿಲ್ಲ.”

ಅಜ್ಜಿ ಇದನ್ನು ಜಗಳಕ್ಕೆ ಹೇಳಲಿಲ್ಲ. ಎಂದಿನಂತೆ ಕಥೆಯನ್ನು ಹೊಂದಿಸಿ ಕೊಟ್ಟಳು, ಅಷ್ಟೇ. ಹೇಳಿದ ಮೇಲೆ ತಾನು ಯಾರ ಮುಂದೆ ಏನು ಹೇಳಿದೆ ಎಂದು ಅವಳಿಗೆ ಹೊಳೆದಿರಬೇಕು. ಕೈಯಲ್ಲಿದ್ದ ಕಾರ್ಡನ್ನು ಕೆಳಗಿಟ್ಟಳು. ಎಲ್ಲದಕ್ಕೂ ಒಂದು ಎದುರುಮಾತು ಇಟ್ಟುಕೊಂಡಿರುತ್ತಿದ್ದ ಚಾಚಿ ಚಾದರದ ಮೇಲೆ ಚೆಲ್ಲಿದ ಟಿಕಳಿಗಳನ್ನು ಒಂದೊಂದಾಗಿ ಆರಿಸತೊಡಗಿದಳು. ರೇಣುಕಾ ಗೋಡೆ ಹಿಡಿದು ಎದ್ದು ಬಚ್ಚಲಿಗೆ ಹೋಗಿ ನಮ್ಮ ಕಡೆ ಬೆನ್ನು ಮಾಡಿ ಕೂತು ನಲ್ಲಿ ತಿರುಗಿಸಿದಳು. ತೊಳೆಯಲು ಅಲ್ಲಿ ಪಾತ್ರೆಗಳಿರಲಿಲ್ಲ. ಧಾರಾವಾಹಿ ಮುಗಿದು ಹೆಂಗಸರು ಎದ್ದು ಹೋಗುವ ತನಕ ನೀರು ಬೀಳುವ ಸದ್ದು ಕೇಳುತ್ತಲೇ ಇತ್ತು.

ಆ ವಾರವೆಲ್ಲ ನಾನು ಶಾಲೆಯಿಂದ ಬರುವಾಗ ಚಾಳಿನ ಮೆಟ್ಟಿಲನ್ನು ಬಹಳ ನಿಧಾನವಾಗಿ ಹತ್ತಿದೆ. ಮೊದಲಿನವಳು ಹಿಂದೆ ಬರಬಹುದು ಎಂದು ನಾನು ಕಣ್ಣಾರೆ ನೋಡಿದ್ದೆ. ಹಾಗಾದರೆ ಇವತ್ತು ಬಾಗಿಲು ತೆಗೆಯುವವಳು ಅವ್ವನೇ ಇರಬಹುದು. ಒಲೆಯ ಮುಂದೆ ಕೂತಿರಬಹುದು, ತುಟಿಯ ಮೂಲೆ ಅಲುಗುತ್ತಿರಬಹುದು. ಇಷ್ಟು ಯೋಚಿಸಿ ಒಂದು ಮೆಟ್ಟಿಲು ಏರಿದರೆ ಇನ್ನೊಂದು ಯೋಚನೆ ಬಂದು ಕಾಲು ಹಿಡಿಯುತ್ತಿತ್ತು. ಅವ್ವ ಬಂದರೆ ರೇಣುಕಾ ಎಲ್ಲಿಗೆ ಹೋಗಬೇಕು. ನನ್ನ ಜಡೆ ಹೆಣೆದದ್ದು, ಹೂವಿನ ಅಂಗಡಿಯ ಮುಂದೆ ಮೂಗು ಒರೆಸಿದ್ದು ಯಾರೆಂದು ಆಗ ಅಜ್ಜಿ ಹೇಳುತ್ತಾಳೆ? ಅವ್ವ ಬರಲಿ ಎಂದು ಬೇಡಿಕೊಳ್ಳುವುದೋ ಬಾರದಿರಲಿ ಎನ್ನುವುದೋ ತಿಳಿಯದೆ ಗ್ಯಾಲರಿಯ ಕಂಬ ಹಿಡಿದು ನಿಂತಿರುತ್ತಿದ್ದೆ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಅವ್ವ ಜೋರಾಗಿ ಬಡಿಯುತ್ತಿದ್ದಳು, ರೇಣುಕಾ ಮೆಲ್ಲಗೆ. ಸದ್ದು ಮೆಲ್ಲಗಿರುತ್ತಿತ್ತು. ಆಗ ನನ್ನ ಎದೆಯಲ್ಲಿ ಆಗುತ್ತಿದ್ದದ್ದು ದುಃಖವೋ ಸಮಾಧಾನವೋ ಇಂದಿಗೂ ಬಿಡಿಸಿ ಹೇಳಲಾರೆ. ಒಂದು ಬಂದರೆ ಇನ್ನೊಂದನ್ನೂ ಕೈಹಿಡಿದು ಕರೆದುಕೊಂಡೇ ಬರುವುದು ನನ್ನಲ್ಲಿ ಆಗಿನಿಂದಲೇ ಇದೆ.

ಹೆರಿಗೆಗೆ ರೇಣುಕಾಳನ್ನು ತವರಿಗೆ ಕಳಿಸಿದರು. ಗಂಡುಮಗುವಾಯಿತು ಎಂದು ಸುದ್ದಿ ಬಂತು. ಶಾಲೆಗೆ ರಜೆ ಬಿಟ್ಟ ಮೇಲೆ ಅವಳನ್ನು ಕರೆತರಲು ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ನಾವು ಅಂಗಳಕ್ಕೆ ಕಾಲಿಡುವಾಗ ಹಿತ್ತಲಿನಲ್ಲಿ ಯಾರೋ ಹೆಂಗಸು ಗಟ್ಟಿಯಾಗಿ ಬೈಯುತ್ತಿದ್ದಳು, ಬೈಯುತ್ತಲೇ ನಗುತ್ತಿದ್ದಳು. ಯಾರಪ್ಪ ಇವರು ಎಂದುಕೊಂಡೆ. “ರೇಣು, ಬೀಗರು ಬಂದ್ರು,” ಎಂದು ಒಳಗಿನಿಂದ ಒಬ್ಬರು ಕೂಗಿದರು. “ಬಂದೆ ಬಂದೆ, ಕೂಡ್ರಸ್ರಿ,” ಎಂದು ಅದೇ ದನಿ ಅಲ್ಲಿಂದಲೇ ಓಗೊಟ್ಟಿತು. ಅದು ಅವಳ ದನಿ. ನಮ್ಮ ಖೋಲಿಯಲ್ಲಿ ಒಂದೂವರೆ ವರ್ಷ ಇದ್ದವಳಿಗೆ ಇಷ್ಟು ದೊಡ್ಡ ದನಿ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ, ಚಪ್ಪಲಿ ಬಿಡುವುದನ್ನು ಮರೆತು ನಿಂತಿದ್ದ. ಅಲ್ಲಿದ್ದಷ್ಟು ದಿನ ಎಲ್ಲರೂ ಅವಳನ್ನು ರೇಣು ಎಂದು ಕರೆದರು, ಅವಳು ಪ್ರತಿ ಕರೆಗೂ ಒಂದು ಕೀಟಲೆಯ ಉತ್ತರ ಕೊಟ್ಟಳು. ಅಪ್ಪ ಮಾತ್ರ ಅವಳನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ನನ್ನಂತೆಯೇ, ಹತ್ತಿರ ಹೋಗಿ ನಿಂತು ಕೆಲಸ ಸಾಗಿಸಿದ.

ರೈಲಿನಲ್ಲಿ ಮೊದಲರ್ಧ ದಾರಿ ಅವಳು ಅದೇ ದನಿಯಲ್ಲಿ ಮಾತಾಡಿದಳು. ತೊಡೆಯ ಮೇಲಿನ ತಮ್ಮನ ಕಾಲಿನಿಂದ ನನ್ನ ಕೆನ್ನೆಗೆ ಒದಿಸಿದಳು, ಎದುರಿನ ಸೀಟಿನ ಮುದುಕಿಯೊಂದಿಗೆ ಬಾಣಂತನದ ಬಗ್ಗೆ ವಾದ ಮಾಡಿದಳು. ಪುಣೆ ದಾಟಿದ ಮೇಲೆ ಮಾತು ಕಡಿಮೆಯಾಯಿತು. ಘಾಟಿನ ಸುರಂಗಗಳು ಬಂದವು. ಒಂದೊಂದು ಸುರಂಗದಿಂದ ಬೆಳಕಿಗೆ ಬಂದಾಗಲೂ ಅವಳು ಸ್ವಲ್ಪ ಸ್ವಲ್ಪವಾಗಿ ನಮ್ಮ ಮನೆಯವಳಾಗುತ್ತಿದ್ದಳು. ಕಲ್ಯಾಣದ ಹೊತ್ತಿಗೆ ಕಿಟಕಿಯ ಹೊರಗಿನ ಕಟ್ಟಡಗಳನ್ನು ನೋಡುತ್ತಾ ಸುಮ್ಮನೆ ಕೂತಿದ್ದಳು.

ದಾದರ್‌ನಲ್ಲಿ ಇಳಿದಾಗ ಪ್ಲಾಟ್‌ಫಾರ್ಮ್ ತುಂಬ ಜನ. ಅಪ್ಪ ಟ್ರಂಕು ಹೆಗಲಿಗೇರಿಸಿ ಮುಂದೆ ನಡೆದುಬಿಟ್ಟಿದ್ದ. ನಾನು ರೇಣುಕಾಳ ಸೀರೆ ಹಿಡಿದಿದ್ದೆ. ಮಗು ಅಳುತ್ತಿತ್ತು, ಅವಳು ಅದರ ಟೊಪ್ಪಿಗೆ ಸರಿಪಡಿಸಲು ನಿಂತಳು. ಸೇತುವೆಯ ಮೆಟ್ಟಿಲ ಬಳಿ ಅಪ್ಪ ಹಿಂದೆ ತಿರುಗಿ ನಮ್ಮನ್ನು ಕಾಣದೆ ಕೂಗಿದ.

“ಗಂಗಾ.”

ಅವಳು ತಲೆಯೆತ್ತಲಿಲ್ಲ. ಬೇಕೆಂದೇ ಮಾಡಿದ್ದಲ್ಲ. ಇಷ್ಟು ತಿಂಗಳು ರೇಣು ಎಂಬ ಕರೆಗೆ ಹೊಂದಿಕೊಂಡಿದ್ದ ಕಿವಿಗೆ ಅದು ತನ್ನನ್ನು ಕರೆದದ್ದೆಂದು ತಿಳಿಯಲೇ ಇಲ್ಲ. ಅಪ್ಪ ಮತ್ತೆ ಕೂಗಿದ. ಮೂರನೆಯ ಸಲ ಅವನ ದನಿಯಲ್ಲಿ ಗಾಬರಿಯಿತ್ತು. ಅಷ್ಟು ಜನರ ನಡುವೆ, ಟ್ರಂಕು ಹೊತ್ತು, ಕುತ್ತಿಗೆ ಉದ್ದ ಮಾಡಿ ಅವನು ಗಂಗಾ, ಗಂಗಾ ಎಂದು ಕರೆಯುತ್ತಿದ್ದರೆ ನಾನೂ ಒಂದು ಗಳಿಗೆ ಅತ್ತ ಇತ್ತ ನೋಡಿದೆ, ಅವನು ಕರೆಯುತ್ತಿರುವವಳು ಆ ಜನರಲ್ಲಿ ಎಲ್ಲಾದರೂ ಕಾಣುತ್ತಾಳೇನೋ ಎಂದು. ಹಸಿರು ಸೀರೆಯವರು ಒಬ್ಬಿಬ್ಬರು ಇದ್ದರು. ಯಾರೂ ತಿರುಗಲಿಲ್ಲ. ಆ ಹೆಸರಿನವಳು ಇನ್ನು ಎಲ್ಲಿಯೂ ಇಲ್ಲ ಎಂದು ನನಗೆ ಖಚಿತವಾಗಿ ತಿಳಿದದ್ದು ಅಲ್ಲಿ. ಅಪ್ಪ ಇನ್ನೂ ಕೂಗುತ್ತಲೇ ಇದ್ದ.

ನಾನು ರೇಣುಕಾಳ ಸೆರಗು ಜಗ್ಗಿದೆ.

“ಅವ್ವ,” ಎಂದೆ. “ಅಪ್ಪ ನಿನ್ನ ಕರಿಯಾಕತ್ತಾನ.”

ಅವಳು ಮೊದಲು ನನ್ನನ್ನು ನೋಡಿದಳು. ಎಷ್ಟೋ ಹೊತ್ತು ನೋಡಿದಳು ಎಂದು ನನಗೆ ಅನಿಸುತ್ತದೆ. ಆಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು, ಅಪ್ಪನ ಕಡೆ ತಿರುಗಿ, ನಮ್ಮ ಖೋಲಿಯ ಆ ಸಣ್ಣ ದನಿಯಲ್ಲಿ “ಬಂದೆ” ಎಂದಳು.